ಗುಜರಿಗೆ ಹೋಗದ ಮುತ್ಯಾನ ಗಾಡಿ

ಗುಜರಿಯವನು ಮೂರನೇ ಸಲ ಬಂದಾಗ ಅಪ್ಪ ‘ಕೊಡೂದಿಲ್ಲ’ ಎನ್ನಲಿಲ್ಲ. ಅವನು ಅಂಗಳದ ಬೇವಿನ ಮರದ ಕೆಳಗೆ ನಾಲ್ಕು ವರ್ಷಗಳಿಂದ ನಿಂತಿದ್ದ ಪಿಕಪ್ ಸುತ್ತ ಒಂದು ಸುತ್ತು ಹಾಕಿದ. ಬಾನೆಟ್ ಮೇಲೆ ಕೈಯಿಂದ ಬಡಿದ. ‘ನಲವತ್ತೆಂಟು ಸಾವಿರ ಕೊಡ್ತೀನ್ರಿ. ಕಬ್ಬಿಣದ ರೇಟ್ ಇಳಿಯೂದ್ರಾಗ ಕೊಟ್ಟುಬಿಡ್ರಿ’ ಅಂದ. ಅಪ್ಪ ನನ್ನ ಕಡೆ ನೋಡಿದ. ‘ಒಂದ್ ಭಾನುವಾರ ತಡಿ ಅಪ್ಪಾ’ ಎಂದೆ. ಆ ಒಂದು ಭಾನುವಾರ ಕೊನೆಗೆ ಇಪ್ಪತ್ಮೂರು ಭಾನುವಾರಗಳಾದವು.

ನಮ್ಮೂರು ವಿಜಯಪುರ ಜಿಲ್ಲೆಯ ಬಬಲೇಶ್ವರ. ಊರಿನಿಂದ ಮೂರು ಕಿಲೊಮೀಟರ್ ದೂರದಲ್ಲಿ ನಮ್ಮ ದ್ರಾಕ್ಷಿ ತೋಟ. ತಿಕೋಟಾ, ಬಬಲೇಶ್ವರ ಸೀಮೆಯ ಬಹಳಷ್ಟು ರೈತರಂತೆ ನಾವೂ ಹಣ್ಣು ಒಣಗಿಸಿ ಒಣದ್ರಾಕ್ಷಿ ಮಾಡುತ್ತೇವೆ. ತೋಟದ ದಾರಿ ಪೂರ್ತಿ ಎರೆಮಣ್ಣಿನದು. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು. ಒಂದು ತಾಸು ಮಳೆಯಾದರೆ ಸಾಕು, ಚಕ್ರಕ್ಕೆ ಹಿಟ್ಟಿನಂತೆ ಮೆತ್ತಿಕೊಂಡು ಬೈಕು ಕೂಡ ಮುಂದೆ ಹೋಗುವುದಿಲ್ಲ. ಅದಕ್ಕೇ ಮುತ್ಯಾ ಈ ಗಾಡಿ ತಂದಿದ್ದ. 1999ರ ಮಹೀಂದ್ರಾ ಪಿಕಪ್. ಜೀಪಿನಂಥ ಮುಖ, ಹಿಂದೆ ತೆರೆದ ತೊಟ್ಟಿ, ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ. ಮುತ್ಯಾ ತೀರಿಕೊಂಡ ಮೇಲೆ ‘ಬಾಡಿಗಿ ಟೆಂಪೊ ಸಿಗ್ತಾವಲ್ಲ’ ಎಂದು ಅದನ್ನು ಮರದ ಕೆಳಗೆ ನಿಲ್ಲಿಸಿದೆವು.

ಕಳೆದ ವರ್ಷ ಮಾರ್ಚ್‌ನಲ್ಲಿ ಅಕಾಲಿಕ ಮಳೆ ಬಂತು. ಅಂದು ಕೊಯ್ದ ನೂರಾ ಅರವತ್ತು ಕ್ರೇಟ್ ಹಣ್ಣು ತೋಟದಲ್ಲೇ ಇತ್ತು. ಒಣಗಿಸುವ ಶೆಡ್ ಇರುವುದು ಊರ ಬದಿಯ ಡಾಂಬರು ರಸ್ತೆಗೆ. ಬಾಡಿಗೆ ಟೆಂಪೊದವನು ಎರೆದಾರಿಯ ಬಾಯಿಗೆ ಬಂದು, ನೋಡಿ, ತಿರುಗಿಸಿಕೊಂಡು ಹೋದ. ಅವನದೇನೂ ತಪ್ಪಿಲ್ಲ, ಒಳಗೆ ಬಂದಿದ್ದರೆ ಎರಡು ದಿನ ಅಲ್ಲೇ ಇರುತ್ತಿದ್ದ. ಮೂರನೇ ದಿನ ದಾರಿ ಆರುವ ಹೊತ್ತಿಗೆ ನೆನೆದ ಹಣ್ಣು ಒಡೆದು ಹುಳಿ ವಾಸನೆ ಬರುತ್ತಿತ್ತು. ಅವ್ವ ಆ ಕ್ರೇಟುಗಳನ್ನು ತಿಪ್ಪೆಗೆ ಸುರಿಯುವಾಗ ಒಂದು ಮಾತೂ ಆಡಲಿಲ್ಲ. ಬೇವಿನ ಮರದ ಕೆಳಗಿನ ಗಾಡಿಯನ್ನು ನಾನು ಸರಿಯಾಗಿ ನೋಡಿದ್ದು ಅವತ್ತು.

ಅಪ್ಪ ಮೂರು ಕರಾರು ಹಾಕಿದ. ಒಂದು ಲಕ್ಷಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ. ಸಾಲ ಮಾಡುವಂತಿಲ್ಲ. ಒಂದು ವಿಷಯದಲ್ಲಿ ಫೇಲಾದರೂ ಮರುದಿನ ಗುಜರಿಯವನಿಗೆ ಫೋನ್.

ಟ್ರ್ಯಾಕ್ಟರಿನ ರಕ್ತ

ನಾನು ಓದುತ್ತಿರುವುದು ಬಿ.ಇ. ಮೆಕ್ಯಾನಿಕಲ್. ಆದರೆ ನಿಜ ಹೇಳಬೇಕೆಂದರೆ, ಅಲ್ಲಿಯವರೆಗೆ ಬೈಕಿನ ಚೈನು ಬಿಗಿ ಮಾಡಿದ್ದು ಬಿಟ್ಟರೆ ಬೇರೇನನ್ನೂ ಬಿಚ್ಚಿರಲಿಲ್ಲ. ಹಾಗಾಗಿ ಊರಿನವರೆಲ್ಲ ಉಸ್ತಾದ್ ಎಂದೇ ಕರೆಯುವ ಹಿರಿಯ ಮಿಸ್ತ್ರಿಯೊಬ್ಬರ ಬಳಿ ಹೋದೆ. ಈಗ ಅವರ ಗ್ಯಾರೇಜ್ ಮುಚ್ಚಿದೆ, ಕಣ್ಣೂ ಮಂಜು. ‘ನಾ ಹೇಳ್ತೀನಿ, ನೀ ಮಾಡ. ನನ್ನ ಕೈ ಈಗ ನಡಗ್ತಾವ’ ಎಂದರು. ಬಾನೆಟ್ ಎತ್ತಿದ ಕೂಡಲೇ ಎಂಜಿನ್ ಮೇಲೆ ಕೈಯಿಟ್ಟು, ‘ಹೆದರಬ್ಯಾಡ ತಮ್ಮಾ, ಇದರಾಗ ಟ್ರ್ಯಾಕ್ಟರಿನ ರಕ್ತ ಐತಿ’ ಎಂದರು.

ಆ ಮಾತಿನ ಅರ್ಥ ತಿಳಿದದ್ದು ಲೆಕ್ಕ ಮಾಡಿದಾಗ. ಈ ಡಿ.ಐ. ಡೀಸೆಲ್ ಎಂಜಿನ್ನಿನ ಸಿಲಿಂಡರಿನ ವ್ಯಾಸ 88.9 ಮಿ.ಮೀ. ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 101.6 ಮಿ.ಮೀ. ನಾಲ್ಕು ಸಿಲಿಂಡರಿಗೆ ಗುಣಿಸಿದರೆ 2523 ಸಿ.ಸಿ. ಲೆಕ್ಕವೇನೋ ಸರಿ. ಆದರೆ 88.9 ಎಂಬ ಈ ವಿಚಿತ್ರ ಸಂಖ್ಯೆ ಯಾಕೆ, 90 ಯಾಕಲ್ಲ? 25.4ರಿಂದ ಭಾಗಿಸಿ ನೋಡಿದೆ. ಸರಿಯಾಗಿ ಮೂರೂವರೆ ಇಂಚು. ಇನ್ನೊಂದು ಸರಿಯಾಗಿ ನಾಲ್ಕು ಇಂಚು. ಅಂದರೆ ಈ ಎಂಜಿನ್ನಿನ ಮೂಲ ನಕ್ಷೆ ಮಿಲಿಮೀಟರಿನಲ್ಲಿ ಹುಟ್ಟಿದ್ದೇ ಅಲ್ಲ. ಮಹೀಂದ್ರಾ ಕಂಪನಿ 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಇಲ್ಲಿ ಟ್ರ್ಯಾಕ್ಟರ್ ತಯಾರಿಕೆಗೆ ಇಳಿಯಿತು. ನಮ್ಮ ಗಾಡಿಯ ಎಂಜಿನ್ ಆ ಟ್ರ್ಯಾಕ್ಟರ್ ಎಂಜಿನ್ನಿನ ವಂಶದ್ದೇ.

ಗಾಡಿಯ ಉಳಿದ ಭಾಗ ಜೀಪಿನ ಕುಲದ್ದು. 1945ರಲ್ಲಿ ಲುಧಿಯಾನದಲ್ಲಿ ‘ಮಹೀಂದ್ರಾ ಆ್ಯಂಡ್ ಮೊಹಮ್ಮದ್’ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ ಇದು. ಪಾಲುದಾರರಲ್ಲಿ ಒಬ್ಬರಾದ ಗುಲಾಂ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ವಿಲ್ಲೀಸ್ ಜೀಪನ್ನು ಕಂಪನಿ 1947ರಲ್ಲಿ ಮುಂಬೈಯಲ್ಲಿ ಜೋಡಿಸಲು ಆರಂಭಿಸಿತು. ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಪಾಟಾ ಸ್ಪ್ರಿಂಗ್, ನಡುವೆ ಒಂದು ಟ್ರಾನ್ಸ್‌ಫರ್ ಕೇಸ್ — ಆ ಯುದ್ಧದ ಜೀಪಿನ ಮೂಳೆಗಳೇ ನಮ್ಮ ಅಂಗಳದ ಗಾಡಿಯಲ್ಲೂ ಇದ್ದವು. ಮನೆಯಲ್ಲಿ ಪಾನಾ ಹಿಡಿದು ಬಿಚ್ಚಿ ಕಟ್ಟಲು ಬರುವುದು ಅದಕ್ಕೇ. ಇದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಇರುವುದೆಲ್ಲ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಮೊದಲ ಪಾಠ: ಅಳತೆ

ಬಿಚ್ಚುವ ಮೊದಲು ಅಪ್ಪ ಮಾಡಿದ ಕೆಲಸ ನೆನಪಿಡುವಂಥದ್ದು. ಜಾಲಿ ಮರದ ನಾಲ್ಕು ದಪ್ಪ ತುಂಡು ಕೊಯ್ಸಿ ತಂದು ಚಾಸಿಸ್ ಕೆಳಗೆ ಕೊಟ್ಟ. ‘ಜಾಕ್ ಎತ್ತಾಕ ಅಷ್ಟ. ಅದನ್ನ ನಂಬಿ ಕೆಳಗ ಮಲಗಬ್ಯಾಡ’ ಎಂದ. ಮುಂದೊಂದು ದಿನ ನಿಜವಾಗಿಯೂ ಜಾಕ್ ಜಾರಿತು. ಗಾಡಿ ಜಾಲಿ ತುಂಡಿನ ಮೇಲೆ ಕೂತಿತು. ನನ್ನ ಕೈ ಆಗ ಆಕ್ಸಲ್ ಕೆಳಗಿತ್ತು. ಇದನ್ನು ಓದಿ ಯಾರಾದರೂ ಮನೆಯಲ್ಲಿ ಗಾಡಿ ಬಿಚ್ಚಲು ಹೊರಟರೆ, ಉಳಿದದ್ದನ್ನೆಲ್ಲ ಮರೆತರೂ ಈ ಒಂದು ಮಾತು ಮರೆಯಬೇಡಿ.

ಬಿಚ್ಚಿದ ಬೋಲ್ಟುಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ಹಾಕಿ ನಂಬರ್ ಬರೆದೆ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ. ಎಂಜಿನ್ ಬ್ಲಾಕನ್ನು ವಿಜಯಪುರದ ಬೋರಿಂಗ್ ಅಂಗಡಿಗೆ ಒಯ್ದೆವು. ಲ್ಯಾಬಿನಲ್ಲಿ ಮಾರ್ಕ್ಸಿಗಾಗಿ ಹಿಡಿದಿದ್ದ ಬೋರ್ ಗೇಜನ್ನು ಅಲ್ಲಿ ಮೊದಲ ಬಾರಿ ಕೆಲಸಕ್ಕಾಗಿ ಹಿಡಿದೆ. ಸಿಲಿಂಡರಿನ ಕೆಳಭಾಗದಲ್ಲಿ ಸವೆತ ಇಲ್ಲವೆನ್ನುವಷ್ಟು ಕಡಿಮೆ. ಮೇಲ್ತುದಿಗೆ ಬಂದಂತೆ 0.21 ಮಿ.ಮೀ. ಇಂಧನ ಉರಿದಾಗ ಒತ್ತಡ ಹೆಚ್ಚಿರುವುದು ಮೇಲ್ತುದಿಯಲ್ಲಿ. ಪಿಸ್ಟನ್ ಒಂದು ಕ್ಷಣ ನಿಂತು ತಿರುಗುವುದೂ ಅಲ್ಲೇ. ಹಾಗಾಗಿ ಆಯಿಲ್ ಪದರ ಅಲ್ಲಿ ತೆಳುವಾಗಿ, ಅಲ್ಲೇ ಹೆಚ್ಚು ಸವೆಯುತ್ತದೆ. ಪುಸ್ತಕದಲ್ಲಿ ಇದು ಎರಡು ಸಾಲು. ಗೇಜಿನ ಮುಳ್ಳು ಕಣ್ಣೆದುರು ಸರಿಯುವಾಗ ಅದು ಬೇರೆಯೇ ಸಂಗತಿ. ಹೊಸ ಲೈನರ್, ಪಿಸ್ಟನ್, ಬೇರಿಂಗ್ ಹಾಕಲೇಬೇಕೆಂದು ಖಾತ್ರಿಯಾಯಿತು.

‘ಹಲ್ಲ ಎಣಸು’

ಮುಂದಿನ ಆಕ್ಸಲ್ ತೆಗೆದಾಗ ಆಯಿಲ್ ಬದಲು ಹಾಲಿನ ಬಣ್ಣದ ಗಸಿ ಸುರಿಯಿತು. ಸೀಲ್ ಸವೆದು ಎಷ್ಟೋ ಮಳೆಗಾಲದ ನೀರು ಒಳಗೆ ಸೇರಿತ್ತು. ಪಿನಿಯನ್ ಗಿಯರಿನ ಎರಡು ಹಲ್ಲು ಮುರಿದಿದ್ದವು. ಹಳೆ ಸಾಮಾನಿನ ಅಂಗಡಿಯೊಂದರಿಂದ ಒಂದು ಸೆಟ್ ತಂದೆವು. ‘ಅದೇ ಗಾಡೀದು, ಹಂಗ ಕೂಡ್ತೈತಿ’ ಎಂದಿದ್ದ ಅಂಗಡಿಯವ. ಕೂಡಿತು ಕೂಡ. ಮುಚ್ಚಳ ಬಿಗಿಯಲು ಹೊರಟಾಗ ಉಸ್ತಾದ್ ತಡೆದರು: ‘ಹಲ್ಲ ಎಣಸು.’

ಹಿಂದಿನ ಆಕ್ಸಲ್‌ನ ಕ್ರೌನ್ ಗಿಯರಿಗೆ 39 ಹಲ್ಲು, ಪಿನಿಯನ್‌ಗೆ 8. ಅನುಪಾತ 4.875. ತಂದಿದ್ದ ಸೆಟ್ಟಿನಲ್ಲಿ 43 ಮತ್ತು 8. ಅಂದರೆ 5.375. ಕೂತು ಲೆಕ್ಕ ಹಾಕಿದೆ. ಇಂಥ ಗಾಡಿಯಲ್ಲಿ ಫೋರ್ ವ್ಹೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಮುಂದಿನ, ಹಿಂದಿನ ಎರಡೂ ಶಾಫ್ಟುಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಶಾಫ್ಟ್ 43 ಸುತ್ತು ತಿರುಗಿದರೆ ಮುಂದಿನ ಚಕ್ರ 8 ಸುತ್ತು, ಹಿಂದಿನದು ಸುಮಾರು 8.8 ಸುತ್ತು. ಒಂದು ಎತ್ತು ಎಳೆಯುತ್ತದೆ, ಇನ್ನೊಂದು ಹಿಂದಕ್ಕೆ ಜಗ್ಗುತ್ತದೆ. ಮೊದಲು ಟೈರು ಸವೆಯುತ್ತದೆ, ಆಮೇಲೆ ಗಿಯರ್ ಒಡೆಯುತ್ತದೆ.

ಗಿಯರ್ ಟ್ರೇನ್ ಲೆಕ್ಕಗಳನ್ನು ನಾನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಆದರೆ ಎಣಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಏಳನೇ ತರಗತಿ ಓದಿದ ಉಸ್ತಾದರಿಗೆ. ‘ನಿಮಗ ಹ್ಯಾಂಗ ಗೊತ್ತಾತು ಚಾಚಾ?’ ಎಂದು ಕೇಳಿದೆ. ‘ನಾನೂ ಎರಡ ಸಲ ಮೋಸ ಹೋಗೇನಿ’ ಎಂದು ನಕ್ಕರು. ಸೆಟ್ ವಾಪಸ್ ಕೊಟ್ಟು, ಹೊಂದುವುದನ್ನು ಹುಡುಕಲು ಮೂರು ವಾರ ಹಿಡಿಯಿತು.

ಫೋರ್ ವ್ಹೀಲ್ ಡ್ರೈವ್ ಬಗ್ಗೆ ನನಗಿದ್ದ ಇನ್ನೆರಡು ತಪ್ಪು ಕಲ್ಪನೆಗಳೂ ಆಗಲೇ ಹೋದವು. ಅದನ್ನು ಒಣ ಡಾಂಬರಿನಲ್ಲಿ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಕೆಸರಿನಲ್ಲಾದರೆ ಟೈರು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಡಾಂಬರಿನಲ್ಲಿ ಗಿಯರುಗಳೇ ಬಿಗಿದುಕೊಳ್ಳುತ್ತವೆ. ಎರಡನೆಯದು, ಡಿಫರೆನ್ಷಿಯಲ್‌ಗೆ ಲಾಕ್ ಇಲ್ಲದಿದ್ದರೆ ನಾಲ್ಕೂ ಚಕ್ರ ಒಟ್ಟಿಗೆ ಎಳೆಯುತ್ತವೆ ಎಂಬುದು ಅರ್ಧ ಸತ್ಯ. ಮುಂದಿನದೊಂದು, ಹಿಂದಿನದೊಂದು ಚಕ್ರ ಜಾರುವ ಜಾಗಕ್ಕೆ ಬಿದ್ದರೆ ಅವೆರಡೇ ತಿರುಗುತ್ತ ಉಳಿದೆರಡು ಸುಮ್ಮನೆ ನಿಲ್ಲುತ್ತವೆ. ಹಾಗಾಗಿ ದಾರಿ ನೋಡಿ ಓಡಿಸುವುದು ಗಾಡಿಯ ಕೆಲಸವಲ್ಲ, ನಮ್ಮದು.

ದೊಡ್ಡ ಟೈರಿನ ಆಸೆ

ನನ್ನ ವಯಸ್ಸಿನವರಿಗೆ ಗಾಡಿ ‘ಅಪ್‌ಗ್ರೇಡ್’ ಎಂದರೆ ಏನು ನೆನಪಾಗುತ್ತದೋ ನನಗೂ ಅದೇ ಇತ್ತು. 33 ಇಂಚಿನ ಟೈರು, ಮುಂದೆ ದಪ್ಪ ಕಬ್ಬಿಣದ ಗಾರ್ಡ್, ಮೇಲೆ ಸಾಲು ದೀಪ. ರೀಲ್ಸ್‌ನಲ್ಲಿ ನೋಡಿ ನೋಡಿ ಪಟ್ಟಿಯನ್ನೂ ಬರೆದಿಟ್ಟಿದ್ದೆ.

ನಮ್ಮ ಗಾಡಿಯ ಟೈರು 6.00–16 ಅಳತೆಯದು, ಸುಮಾರು 29 ಇಂಚು ಎತ್ತರ. 33 ಇಂಚಿನದು ಹಾಕಿದರೆ ಸ್ಪೀಡೊಮೀಟರ್ 50 ತೋರಿಸುವಾಗ ಗಾಡಿ 57ರಲ್ಲಿ ಓಡುತ್ತಿರುತ್ತದೆ. ಎಂಜಿನ್ ಪ್ರತಿ ಸುತ್ತಿಗೂ ಹೆಚ್ಚು ದೂರ ತಳ್ಳಬೇಕಾಗಿ ಎಳೆಯುವ ಬಲ ಕುಗ್ಗುತ್ತದೆ. ಅದೇ ಹಳೆಯ ಬ್ರೇಕು ಹೆಚ್ಚು ಭಾರದ ಚಕ್ರವನ್ನು ನಿಲ್ಲಿಸಬೇಕು. ಇದನ್ನೆಲ್ಲ ಉಸ್ತಾದರ ಮುಂದೆ ಹೇಳಿದಾಗ ಅವರು ಒಂದೇ ಮಾತು ಸೇರಿಸಿದರು: ‘ಎರಿಯಾಗ ಅಗಲ ಟೈರ್ ತೇಲತೈತಿ, ಸಣ್ಣ ಟೈರ್ ಕೊರದು ಗಟ್ಟಿ ನೆಲ ಹಿಡೀತೈತಿ.’ ಮುತ್ಯಾನ ಕಾಲದ ಅಳತೆಯ, ಆಳ ಹಲ್ಲಿನ ಟೈರುಗಳನ್ನೇ ತಂದೆವು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿದ, ಆರ್.ಸಿ.ಯಲ್ಲಿ ನಮೂದಾದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾಲೀಕರು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಖಚಿತಪಡಿಸಿತು. ಮುಂಭಾಗದ ಕ್ರ್ಯಾಷ್ ಗಾರ್ಡ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಇನ್‌ಸ್ಟಾಗ್ರಾಂನಲ್ಲಿ ಸಾವಿರಾರು ಲೈಕ್ ಪಡೆಯುವ ಎಷ್ಟೋ ಗಾಡಿಗಳು ಆರ್‌ಟಿಒ ಕಚೇರಿಯ ಗೇಟಿನೊಳಗೆ ಕಾಲಿಡಲಾರವು.

ಹಾಗಾದರೆ ಅಪ್‌ಗ್ರೇಡ್ ಮಾಡಲೇ ಇಲ್ಲವೇ? ಮಾಡಿದೆವು, ಕಣ್ಣಿಗೆ ಕಾಣದ ಕಡೆ. ಬ್ರೇಕಿನ ಪೈಪು, ಸಿಲಿಂಡರುಗಳೆಲ್ಲ ಹೊಸವು. ಹೆಡ್‌ಲೈಟಿನ ಕತೆಯಂತೂ ನನಗೆ ಬಲು ಇಷ್ಟ. ಹೊಸ ಬಲ್ಬ್ ಹಾಕಿದರೂ ಬೆಳಕು ಮಂಕಾಗಿತ್ತು. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 12.5 ವೋಲ್ಟ್, ಬಲ್ಬಿನ ಬಳಿ 10.2. ಉಳಿದದ್ದು ಹಳೆಯ ಸ್ವಿಚ್ಚು, ತುಕ್ಕು ಹಿಡಿದ ವೈರುಗಳಲ್ಲೇ ಸೋರಿಹೋಗುತ್ತಿತ್ತು. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಬ್ಯಾಟರಿಯಿಂದಲೇ ಫ್ಯೂಸ್ ಮೂಲಕ ದಪ್ಪ ವೈರು ಎಳೆದು ರಿಲೇ ಹಾಕಿದೆ. ಬಲ್ಬ್ ಅದೇ, ರಾತ್ರಿ ಮಾತ್ರ ಬೇರೆ.

ಸಾರವಾಡದ ಹೊಗೆ

ಸೆಪ್ಟೆಂಬರ್‌ನಲ್ಲಿ ಎಫ್.ಸಿ.ಗೆಂದು ವಿಜಯಪುರದ ಆರ್‌ಟಿಒ ಕಚೇರಿಗೆ ಹೊರಟೆವು. ಅಪ್ಪ ಸ್ಟಿಯರಿಂಗ್ ಹಿಡಿದಿದ್ದ. ಎಂಜಿನ್ ಸದ್ದು ಕೇಳಿ ನನಗೆ ಎದೆಯುಬ್ಬಿತ್ತು. ಸಾರವಾಡ ಹತ್ತಿರವಾಗುತ್ತಿದ್ದಂತೆ ಸುಟ್ಟ ವಾಸನೆ. ಇಳಿದು ನೋಡಿದರೆ ಮುಂದಿನ ಎಡ ಚಕ್ರದ ಹಬ್‌ನಿಂದ ಹೊಗೆ. ಕೈಯಿಡಲಾಗದಷ್ಟು ಬಿಸಿ. ಆ ಬೇರಿಂಗ್ ಕೂರಿಸಿದವನು ನಾನು. ಉಸ್ತಾದ್ ಊರಲ್ಲಿಲ್ಲದ ದಿನ, ‘ಇದೇನು ಮಹಾ’ ಎಂದು ಒಬ್ಬನೇ ಕೂರಿಸಿದ್ದೆ. ಸಡಿಲವಾದರೆ ಚಕ್ರ ಕಳಚೀತೆಂಬ ಹೆದರಿಕೆಗೆ ಪಾನಾಕ್ಕೆ ಪೈಪ್ ಸೇರಿಸಿ ಬಿಗಿದಿದ್ದೆ.

ಉಸ್ತಾದ್ ಯಾರದೋ ಬೈಕಿನ ಹಿಂದೆ ಕೂತು ಬಂದರು. ಬೈಯಲಿಲ್ಲ. ನೀಲಿಗಟ್ಟಿದ ರೋಲರುಗಳನ್ನು ನನ್ನ ಅಂಗೈಯಲ್ಲಿಟ್ಟು, ‘ಬಿಗಿ ಅಂದ್ರ ಗಟ್ಟಿ ಅಲ್ಲ ತಮ್ಮಾ’ ಎಂದರು. ಹೊಸ ಬೇರಿಂಗ್ ಹಾಕಿ ತೋರಿಸಿದರು: ಹಬ್ ತಿರುಗಿಸುತ್ತಲೇ ನಟ್ ಬಿಗಿಯಬೇಕು, ಹಬ್ ಭಾರವಾಯಿತು ಎನ್ನಿಸಿದಾಗ ನಿಲ್ಲಿಸಬೇಕು, ಆಮೇಲೆ ಸ್ವಲ್ಪ ಹಿಂದಕ್ಕೆ ಬಿಡಬೇಕು, ಮತ್ತೆ ತಿರುಗಿಸಿ, ಅಲ್ಲಾಡಿಸಿ ನೋಡಿ ಲಾಕ್ ಮಾಡಬೇಕು. ಕಬ್ಬಿಣ ಬಿಸಿಯಾದಾಗ ಹಿಗ್ಗುತ್ತದೆ. ಹಿಗ್ಗಲು ಅದಕ್ಕೆ ಜಾಗ ಬಿಡಬೇಕು. ಉಷ್ಣ ವಿಸ್ತರಣೆಯನ್ನು ನಾನು ಪಿಯುಸಿಯಲ್ಲೇ ಓದಿದ್ದೆ. ಅಂದಿನ ಎಫ್.ಸಿ. ತಪ್ಪಿತು. ಮುಂದಿನ ವಾರ ಬ್ರೇಕು, ದೀಪ, ಹೊಗೆ, ರಿಫ್ಲೆಕ್ಟರ್ ಪಟ್ಟಿ ಎಲ್ಲ ನೋಡಿ ಪಾಸು ಮಾಡಿದರು.

ಲೆಕ್ಕ ಒಪ್ಪಿಸುವುದಾದರೆ: ಎಂಜಿನ್ನಿಗೆ 36,500, ಬ್ರೇಕಿಗೆ 9,200, ಮುಂದಿನ ಆಕ್ಸಲ್‌ಗೆ 13,000, ಬ್ಯಾಟರಿ ಮತ್ತು ವೈರಿಂಗ್‌ಗೆ 11,700, ಟೈರಿಗೆ 20,000, ತುಕ್ಕಿನ ತಗಡು ಮತ್ತು ಬಣ್ಣಕ್ಕೆ 8,000. ಒಟ್ಟು 98,400 ರೂಪಾಯಿ. ವಿಮೆ, ಎಫ್.ಸಿ. ಖರ್ಚು ಬೇರೆ. ಉಸ್ತಾದ್ ಕೂಲಿ ಮುಟ್ಟಲಿಲ್ಲ. ಅವ್ವ ಪ್ರತಿ ಭಾನುವಾರ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಲೆಯೇ ಸಾಕೆಂದರು. ಹೀಗಾಗಿ ‘ಕಡಿಮೆ ಖರ್ಚಿನಲ್ಲಿ ಮಾಡಿದೆ’ ಎಂದು ನಾನು ಎದೆ ತಟ್ಟಿಕೊಳ್ಳುವಂತಿಲ್ಲ. ಅವರ ಇಪ್ಪತ್ಮೂರು ಭಾನುವಾರಗಳ ಬೆಲೆ ಈ ಲೆಕ್ಕದಲ್ಲಿ ಇಲ್ಲ.

ಅಕ್ಟೋಬರ್ ಮೊದಲ ವಾರ ಜೋರು ಮಳೆಯಾಯಿತು. ಪಕ್ಕದ ಹೊಲದವರ ಉಳ್ಳಾಗಡ್ಡಿ ಹೇರಿದ್ದ ಟೆಂಪೊ ಎರೆದಾರಿಯಲ್ಲಿ ಅರ್ಧ ಚಕ್ರ ಹೂತು ನಿಂತಿತ್ತು. ಅಪ್ಪ ಫೋರ್ ವ್ಹೀಲ್ ಹಾಕಿ, ಕಡಿಮೆ ಗಿಯರಿನಲ್ಲಿ, ಆ್ಯಕ್ಸಿಲರೇಟರ್ ಅಷ್ಟಾಗಿ ಒತ್ತದೆ ನಿಧಾನ ಹೋದ. ಹಗ್ಗ ಕಟ್ಟಿದೆವು. ಮೊದಲ ಸಲ ಬರಲಿಲ್ಲ, ಎರಡನೇ ಸಲವೂ ಬರಲಿಲ್ಲ. ಅರ್ಧ ಚೀಲ ಇಳಿಸಿ ಮೂರನೇ ಸಲ ಎಳೆದಾಗ ಬಂತು. ಅಪ್ಪ ಏನೂ ಅನ್ನಲಿಲ್ಲ. ಮನೆಗೆ ಬಂದು ಗಾಡಿಯ ಕೆಸರನ್ನು ತಾನೇ ತೊಳೆದ.

ಈ ವರ್ಷ ಮಾರ್ಚ್‌ನಲ್ಲಿ ಮಳೆ ಬರಲೇ ಇಲ್ಲ. ಗಾಡಿ ಒಣ ದಾರಿಯಲ್ಲೇ ಎಲ್ಲ ಕ್ರೇಟುಗಳನ್ನು ಶೆಡ್ಡಿಗೆ ಸಾಗಿಸಿತು. ಇಂಟರ್ನ್‌ಶಿಪ್‌ಗಾಗಿ ನಡೆದ ಸಂದರ್ಶನವೊಂದರಲ್ಲಿ ‘ನೀನು ಮಾಡಿದ ಕೆಲಸದಲ್ಲಿ ಕೆಟ್ಟುಹೋದದ್ದು ಯಾವುದು?’ ಎಂದು ಕೇಳಿದರು. ಸಾರವಾಡದ ಹೊಗೆಯ ಕತೆ ಹೇಳಿದೆ. ಎದುರು ಕೂತವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಬೇರೆಯವರು ಮಾಡಿಕೊಟ್ಟ ಪ್ರಾಜೆಕ್ಟ್ ಆಗಿದ್ದರೆ ಹೇಳಲು ನನ್ನ ಬಳಿ ಒಂದು ತಪ್ಪೂ ಇರುತ್ತಿರಲಿಲ್ಲ.

ಮೊನ್ನೆ ಗುಜರಿಯವನು ಮತ್ತೆ ಬಂದಿದ್ದ. ಬೇವಿನ ಮರದ ಕೆಳಗೆ ಖಾಲಿ ಜಾಗ, ನೆಲದ ಮೇಲೆ ನಾಲ್ಕಾರು ಹನಿ ಆಯಿಲ್ ಕಲೆ. ಒಂದು ಸೀಲ್ ಇನ್ನೂ ಸೋರುತ್ತದೆ; ಅದು ಈ ರಜೆಯ ಕೆಲಸ. ‘ಎಲ್ಲೈತ್ರಿ ಗಾಡಿ? ಮಾರಿದ್ರೇನು?’ ಎಂದು ಕೇಳಿದ.

ಅಪ್ಪ ಚಹಾ ಲೋಟ ಕೆಳಗಿಟ್ಟು ಹೇಳಿದ: ‘ಇಲ್ಲಪಾ. ಹೊಲಕ್ಕ ಹೋಗೇತಿ.’